ಯಾವುದು ನಿಂತರೆ ಯಾವುದು ನಿಲ್ಲುತ್ತದೆ

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ’ ಎನ್ನುವ ಗಾದೆಯನ್ನು ನಾವು ದಡ್ಡತನಕ್ಕೆ ಉದಾಹರಣೆಯಾಗಿ ಹೇಳಿ ನಗುತ್ತೇವೆ. ಬರೆ ಎಳೆಸಿಕೊಂಡ ಎಮ್ಮೆಯ ಬಗ್ಗೆ ನನಗೆ ಮರುಕವಿದೆ, ಆದರೆ ಬರೆ ಎಳೆದವನ ಬಗ್ಗೆಯೂ ಸ್ವಲ್ಪ ಕುತೂಹಲವಿದೆ. ಎತ್ತಿನ ಜ್ವರಕ್ಕೂ ಎಮ್ಮೆಗೂ ಏನೋ ಸಂಬಂಧವಿದೆ ಎಂದು ಅವನಿಗೆ ಅನ್ನಿಸಿರಬೇಕು. ಸಂಬಂಧ ಇದ್ದದ್ದೇನೋ ನಿಜವೇ, ಎರಡೂ ಒಂದೇ ಕೊಟ್ಟಿಗೆಯಲ್ಲಿದ್ದವು. ಒಂದರ ಕಷ್ಟ ಇನ್ನೊಂದಕ್ಕೆ ದಾಟುವಂಥ ಸಂಬಂಧವೇ ಅದು ಎಂದು ಮಾತ್ರ ಅವನು ಕೇಳಿಕೊಳ್ಳಲಿಲ್ಲ.

ಈ ಪ್ರಶ್ನೆಯನ್ನು ದಿನವೂ ಕೇಳಿಕೊಳ್ಳುವವರು ನಾವು ಹೆಂಗಸರು. ಪತ್ರಿಕೆಯಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’ ಎಂಬ ನಾಲ್ಕು ಸಾಲು ಕಂಡರೆ ಮನೆಯ ಗಂಡಸರು ಪುಟ ತಿರುವಿ ರಾಜಕೀಯಕ್ಕೆ ಹೋಗುತ್ತಾರೆ. ನಮ್ಮ ತಲೆಯೊಳಗೆ ಆಗಲೇ ಲೆಕ್ಕ ಶುರುವಾಗಿರುತ್ತದೆ. ಕರೆಂಟಿಲ್ಲದಿದ್ದರೆ ಪಂಪಿಲ್ಲ, ಪಂಪಿಲ್ಲದಿದ್ದರೆ ಮೇಲಿನ ಟ್ಯಾಂಕು ಖಾಲಿ. ಗ್ರೈಂಡರ್ ಇಲ್ಲ, ಹಾಗಾಗಿ ನಾಳಿದ್ದಿನ ದೋಸೆ ಹಿಟ್ಟು ಇವತ್ತೇ ಆಗಬೇಕು. ಸಮವಸ್ತ್ರದ ಇಸ್ತ್ರಿ ಈ ರಾತ್ರಿಯೇ ಆಗಬೇಕು. ಗ್ಯಾಸು ಕರೆಂಟನ್ನು ನಂಬಿಲ್ಲ, ಅನ್ನ ಆಗುತ್ತದೆ. ಫ್ರಿಜ್ಜಿನ ಹಾಲು ಮಧ್ಯಾಹ್ನದವರೆಗೆ ತಡೆದೀತು, ಸಂಜೆಗೆ ತಡೆಯುವುದಿಲ್ಲ. ಇದನ್ನು ಯಾರೂ ನಮಗೆ ಬರೆದು ಕೊಟ್ಟಿಲ್ಲ, ನಾವೂ ಯಾರಿಗೂ ಬರೆದು ಕೊಟ್ಟಿಲ್ಲ.

ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಲ್ಲಿ ಇದೇ ಲೆಕ್ಕವನ್ನು ಬರೆದಿಡುವುದಕ್ಕೆಂದೇ ಸಾಫ್ಟ್‌ವೇರುಗಳಿವೆ, ಅದಕ್ಕೆಂದೇ ಸಂಬಳ ಪಡೆಯುವ ಜನರಿದ್ದಾರೆ ಎಂದು ತಿಳಿದಾಗ ನನಗೆ ನಗು ಬಂತು. ಹೇಳಿದವಳು ಆಲೂರು ಕಡೆಯ ಹಳ್ಳಿಯ ಹುಡುಗಿ, ನನ್ನಲ್ಲಿ ಸಮಾಜ ವಿಜ್ಞಾನ ಓದಿದವಳು, ಈಗ ಅಂಥ ಕಡೆ ಕೆಲಸದಲ್ಲಿದ್ದಾಳೆ. ರಜೆಗೆ ಬಂದಾಗ ಕಾಗದದ ಮೇಲೆ ಚೌಕಗಳನ್ನೂ ಗೆರೆಗಳನ್ನೂ ಎಳೆದು ವಿವರಿಸಿದಳು. ನಾನು ಚರಿತ್ರೆಯವಳು, ಯಂತ್ರದ ಒಳಮರ್ಮ ನನಗೆ ಬೇಕಿರಲಿಲ್ಲ. ಆದರೆ ಆ ಚೌಕ ಗೆರೆಗಳನ್ನು ನೋಡುತ್ತ ನಮ್ಮ ಘಟ್ಟದ ಚರಿತ್ರೆಯೇ ಬೇರೆ ರೀತಿಯಲ್ಲಿ ಕಾಣತೊಡಗಿತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಚೌಕ ಗೆರೆಗಳ ವಿಷಯ. ‘ಸರ್ವರ್ ಇಲ್ಲ’ ಎಂಬ ಮಾತು ಈಗ ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಪ್ರತಿ ಹೆಂಗಸಿಗೂ ಗೊತ್ತು. ಹೆಬ್ಬೆಟ್ಟು ಒತ್ತುತ್ತೇವೆ, ಯಂತ್ರ ಸುಮ್ಮನೆ ಕೂರುತ್ತದೆ, ಅಂಗಡಿಯವನು ಕೈ ಚೆಲ್ಲುತ್ತಾನೆ. ಅವನ ಮುಂದಿರುವ ಯಂತ್ರ, ಅದರ ಸಿಮ್ಮು, ಊರ ಮೊಬೈಲ್ ಗೋಪುರ, ಗೋಪುರಕ್ಕೆ ಕರೆಂಟು, ಎಲ್ಲೋ ದೂರದ ಊರಿನ ಸರ್ವರು, ಅದರೊಳಗಿನ ನಮ್ಮ ಹೆಸರಿನ ಕಡತ, ಇವಿಷ್ಟರಲ್ಲಿ ಯಾವುದು ಕೈಕೊಟ್ಟರೂ ನಮಗೆ ಕೇಳುವುದು ಒಂದೇ ಮಾತು. ದೊಡ್ಡ ಸಂಸ್ಥೆಯೊಂದರಲ್ಲಿ ಇಂಥ ಬಿಡಿಭಾಗಗಳು ಸಾವಿರಗಟ್ಟಲೆ ಇರುತ್ತವೆ. ಮೊದಲಿಗೆ ಜನ ಅವುಗಳ ಪಟ್ಟಿ ಮಾಡಿದರು. ಪಟ್ಟಿಯಿಂದ ಪ್ರಯೋಜನವಾಗಲಿಲ್ಲ, ಕೆಟ್ಟದ್ದು ಯಾವುದೆಂದು ತಿಳಿದರೂ ಅದರಿಂದ ಯಾರ ಕೆಲಸ ನಿಂತಿತೆಂದು ತಿಳಿಯಲಿಲ್ಲ. ಆಮೇಲೆ ಪಟ್ಟಿಯ ಹೆಸರುಗಳ ನಡುವೆ ಗೆರೆ ಎಳೆಯತೊಡಗಿದರು.

ಗೆರೆ ಎಳೆಯುವುದು ಸುಲಭವೆಂದು ನಾನಂದೆ. ಹುಡುಗಿ ತಲೆಯಾಡಿಸಿದಳು. ಪ್ರತಿ ಗೆರೆಗೂ ಕೆಲವು ಪ್ರಶ್ನೆ ಕೇಳಬೇಕಂತೆ. ಈ ಗೆರೆ ಬರೀ ನೆರೆಹೊರೆಯ ಸಂಬಂಧವೋ, ಇಲ್ಲ ಕಷ್ಟ ದಾಟುವ ಸಂಬಂಧವೋ? ದಾಟುವುದಾದರೆ ಯಾವ ದಿಕ್ಕಿಗೆ? ಎಷ್ಟು ಭಾರವಾಗಿ? ಒಂದು ಕಾಲು ಮುರಿದರೆ ಇನ್ನೊಂದು ಕಾಲಿನ ಮೇಲೆ ನಿಲ್ಲಬಲ್ಲದೋ ಅಥವಾ ಪೂರಾ ಕುಸಿಯುತ್ತದೋ? ಮೊದಲ ಪ್ರಶ್ನೆಯನ್ನು ಬಿಟ್ಟವರ ನಕ್ಷೆಯಲ್ಲಿ ಒಂದು ಚೌಕ ಕೆಂಪಾದರೆ ಇಡೀ ಹಾಳೆಯೇ ಕೆಂಪಾಗುತ್ತದೆ, ಏಕೆಂದರೆ ಲೋಕದಲ್ಲಿ ಎಲ್ಲದಕ್ಕೂ ಎಲ್ಲದರ ಜೊತೆ ಏನೋ ಒಂದು ಸಂಬಂಧ ಇದ್ದೇ ಇರುತ್ತದೆ. ಎಮ್ಮೆಗೆ ಬರೆ ಬೀಳುವುದು ಅಲ್ಲೇ.

ಈ ವಿದ್ಯೆಗೆ ಶಿಸ್ತು ಕೊಟ್ಟವರು ಬ್ರಿಟನ್ನಿನ ಸರ್ಕಾರಿ ನೌಕರರು. ಅಲ್ಲಿನ ಸರ್ಕಾರದ ಕಂಪ್ಯೂಟರ್ ಮತ್ತು ದೂರಸಂಪರ್ಕ ಸಂಸ್ಥೆ 1980ರ ದಶಕದ ಕೊನೆಯಲ್ಲಿ ಐಟಿಐಎಲ್ ಎಂಬ ಪುಸ್ತಕಮಾಲೆಯನ್ನು ತರಲಾರಂಭಿಸಿತು. ಮೂವತ್ತಕ್ಕೂ ಹೆಚ್ಚು ಸಂಪುಟಗಳಾದವು. ಇಲಾಖೆಗೊಂದು ಕಂಪ್ಯೂಟರ್ ವ್ಯವಸ್ಥೆ, ಒಬ್ಬೊಬ್ಬರದು ಒಂದೊಂದು ಪದ್ಧತಿ ಎಂದು ಹಣ ಪೋಲಾಗುತ್ತಿದ್ದುದನ್ನು ಸರಿಪಡಿಸುವುದು ಉದ್ದೇಶ. ಯಾವ ಭಾಗ ಯಾವುದಕ್ಕೆ ಆಧಾರ ಎಂಬುದನ್ನು ಒಂದೇ ಕಡೆ ದಾಖಲಿಸಿಡಬೇಕು, ಏನಾದರೂ ಬದಲಾಯಿಸುವ ಮೊದಲು ಅದನ್ನು ನೋಡಬೇಕು ಎಂಬ ನಿಯಮ ಅದರಲ್ಲಿತ್ತು. ಇವತ್ತು ಬೆಂಗಳೂರಿನಲ್ಲಿ ಕುಳಿತು ಲಂಡನ್ನಿನ ಬ್ಯಾಂಕನ್ನೋ ಅಮೆರಿಕದ ಆಸ್ಪತ್ರೆಯನ್ನೋ ಕಾಯುವ ನಮ್ಮ ಮಕ್ಕಳು ಓದಿ ಪರೀಕ್ಷೆ ಬರೆಯುವುದು ಈ ಮಾಲೆಯ ಹೊಸ ಆವೃತ್ತಿಗಳನ್ನೇ.

ಆದರೆ ಚರಿತ್ರೆಯ ಮೇಷ್ಟರಿಗೆ ಒಂದು ಚಟ. ಮೊದಲು ಯಾರು ಎಂದು ಕೇಳದೆ ಇರಲಾರರು. ಇದರ ಹಿರಿಯಜ್ಜ ರೈಲ್ವೆಯಲ್ಲಿದ್ದಾನೆ. 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಎಂಬ ಬಡಗಿ ಮೂಲದ ಮನುಷ್ಯ ಹಳಿ ತಿರುಗಿಸುವ ಕೀಲಿಗಳನ್ನೂ ಸಿಗ್ನಲ್ಲುಗಳನ್ನೂ ಒಂದಕ್ಕೊಂದು ಬಿಗಿಯುವ ಸಾಧನಕ್ಕೆ ಹಕ್ಕುಪತ್ರ ಪಡೆದ. ಹಳಿ ಸರಿಯಾಗಿ ತಿರುಗದಿದ್ದರೆ ಸಿಗ್ನಲ್ ಇಳಿಯುವುದೇ ಇಲ್ಲ. ಅಲ್ಲಿಂದ ಮುಂದೆ ಪ್ರತಿ ನಿಲ್ದಾಣಕ್ಕೂ ಒಂದು ಕೋಷ್ಟಕ ಬಂತು. ಇಂಥ ಕೀಲಿ ಎಳೆದರೆ ಇಂತಿಂಥ ಕೀಲಿಗಳು ಬಿಗಿಯುತ್ತವೆ, ಇಂಥದ್ದು ಬಿಡುತ್ತದೆ ಎಂದು ಸಾಲುಸಾಲಾಗಿ ಬರೆದ ಹಾಳೆ. ಒಂಟಿ ಹಳಿಯ ದಾರಿಗಳಲ್ಲಿ ಚಾಲಕನ ಕೈಗೆ ಕೊಡುತ್ತಿದ್ದ ಲೋಹದ ಗುಂಡು ನಮ್ಮ ವಯಸ್ಸಿನವರಿಗೆ ನೆನಪಿದ್ದೀತು. ಅದು ಕೈಯಲ್ಲಿಲ್ಲದೆ ರೈಲು ಮುಂದಿನ ನಿಲ್ದಾಣಕ್ಕೆ ಹೊರಡುವಂತಿರಲಿಲ್ಲ. ಬಳೆಯಂಥ ಉಂಗುರಕ್ಕೆ ಕಟ್ಟಿದ ಚೀಲದಲ್ಲಿ ಆ ಗುಂಡನ್ನಿಟ್ಟು ಓಡುವ ರೈಲಿಗೆ ಎಸೆಯುವುದನ್ನು ನೋಡಲು ಮಕ್ಕಳು ಪ್ಲಾಟ್‌ಫಾರಂ ಅಂಚಿಗೆ ನುಗ್ಗುತ್ತಿದ್ದರು.

ಇನ್ನು ನಮ್ಮ ಘಟ್ಟ. ಸಕಲೇಶಪುರದಿಂದ ಪಡುವಲಿಗೆ ಹೊರಟರೆ ದೋಣಿಗಾಲ್ ಬಳಿ ಎಡಕ್ಕೆ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದಂತೆ. ಮಕ್ಕಳನ್ನು ಪ್ರವಾಸ ಕರೆದೊಯ್ದಾಗ ಅವರು ನಕ್ಷತ್ರದ ಆಕಾರಕ್ಕೆ ಮರುಳಾಗುತ್ತಾರೆ. ನಾನು ಗೋಡೆಯಂಚಿಗೆ ಕರೆದು ಕೆಳಗಿನ ದಾರಿ ತೋರಿಸುತ್ತೇನೆ. ಕೋಟೆ ಅಲ್ಲಿರುವುದು ಆ ದಾರಿಗಾಗಿ. ಕರಾವಳಿಯ ಉಪ್ಪು, ಒಣಮೀನು ಮೇಲಕ್ಕೆ ಬರಬೇಕು, ಮಲೆನಾಡಿನ ಅಕ್ಕಿ ಕೆಳಕ್ಕೆ ಹೋಗಬೇಕು, ಸೈನ್ಯ ಎರಡೂ ಕಡೆ ಓಡಾಡಬೇಕು. ಈ ಒಂದು ಕುತ್ತಿಗೆಯನ್ನು ಹಿಡಿದರೆ ಎರಡು ಸೀಮೆಗಳು ಉಸಿರು ಬಿಗಿಹಿಡಿಯುತ್ತವೆ ಎಂದು ಅಂದೇ ಯಾರೋ ಲೆಕ್ಕ ಹಾಕಿದ್ದರು.

ಊರಿನ ಅಜ್ಜಿಯರಿಗೂ ಆ ಲೆಕ್ಕ ಗೊತ್ತಿತ್ತು. ಮೃಗಶಿರಾ ಮಳೆ ಹಿಡಿಯುವ ಮೊದಲು ಅಟ್ಟ ತುಂಬಬೇಕು: ಉಪ್ಪು, ಬೆಲ್ಲ, ಒಣಮೆಣಸಿನಕಾಯಿ, ಹಪ್ಪಳ, ಉಪ್ಪಿನಕಾಯಿ, ತಿನ್ನುವವರ ಮನೆಯಲ್ಲಿ ಒಣಮೀನು, ಕೊಟ್ಟಿಗೆ ಪಕ್ಕದಲ್ಲಿ ಒಣ ಸೌದೆ. ಆಶ್ಲೇಷಾ ಕಳೆಯುವವರೆಗೆ ಘಟ್ಟವನ್ನು ನಂಬುವಂತಿಲ್ಲ. ಆ ಅಟ್ಟವನ್ನು ಬಡತನದ ಗುರುತೆಂದು ನಮ್ಮ ತಲೆಮಾರು ತಿಳಿದುಕೊಂಡಿತು. ದಿನಾ ಅಂಗಡಿ ತೆರೆದಿರುವಾಗ ಅಟ್ಟ ಯಾಕೆ ಎಂದುಕೊಂಡೆವು.

ಕಾಫಿಯವರು ಇನ್ನೊಂದು ಪಾಠವನ್ನು ದುಬಾರಿ ಶುಲ್ಕ ಕೊಟ್ಟು ಕಲಿತರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಂಜರಾಬಾದಿಗೆ ಬಂದ ಬಿಳಿಯ ಪ್ಲಾಂಟರುಗಳಲ್ಲಿ ಹಲವರು ಮರ ಕಡಿದು ಬಿಸಿಲಿಗೆ ಕಾಫಿ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಬಂದು ತೋಟಗಳು ಸತ್ತವು. ನೆರಳಿಗೂ ಹುಳುವಿಗೂ ನಡುವೆ ಒಂದು ಗೆರೆಯಿದೆ ಎಂದು ತೋಟ ಒಣಗಿದ ಮೇಲೆ ಕಂಡಿತು. ಮತ್ತೆ ಮರ ನೆಟ್ಟರು. ಅದೇ ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಎಂಬಾತ 1894ರಲ್ಲಿ ತಂದ ತನ್ನ ಪುಸ್ತಕದಲ್ಲಿ ನೆರಳಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾನೆ. ಇವತ್ತು ನಮ್ಮ ತೋಟಗಳಲ್ಲಿ ನಿಂತಿರುವ ಮರಗಳಿಗೆ ಆ ಸೋಲು ಒಂದು ಕಾರಣ.

ರೈಲು ಬಂದದ್ದು ತೀರ ಈಚೆಗೆ. ಹಾಸನ ಮಂಗಳೂರು ಮೀಟರ್ ಗೇಜ್ ದಾರಿ ಪೂರ್ತಿ ತೆರೆದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ಇನ್ನೂರಕ್ಕೂ ಹೆಚ್ಚು ಸೇತುವೆ. ದೋಣಿಗಾಲ್, ಕಡಗರವಳ್ಳಿ, ಎಡಕುಮರಿ, ಶಿರಿಬಾಗಿಲು ಎಂಬ ಹೆಸರುಗಳು ರೈಲಿನ ವೇಳಾಪಟ್ಟಿಗೆ ಬಂದವು. ಹದಿನೇಳು ವರ್ಷವೂ ಸರಿಯಾಗಿ ಓಡಲಿಲ್ಲ, 1996ರಲ್ಲಿ ಬ್ರಾಡ್ ಗೇಜ್ ಮಾಡಲು ಘಟ್ಟದ ರೈಲು ನಿಲ್ಲಿಸಿದರು. ಸರಕಿನ ರೈಲು ಮತ್ತೆ ಹತ್ತಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಆ ಹತ್ತು ಹನ್ನೊಂದು ವರ್ಷ ಹಳಿಯ ಮೇಲೆ ನಡೆದವರು ಚಾರಣಿಗರು ಮತ್ತು ಆನೆಗಳು. ರೈಲನ್ನು ನಂಬಿದ್ದ ಎಲ್ಲ ಕೆಲಸವನ್ನೂ ಶಿರಾಡಿಯ ರಸ್ತೆ ಹೆಗಲಿಗೆ ಹಾಕಿಕೊಂಡಿತು. ರೈಲು ವಾಪಸ್ ಬಂದಾಗ ಎಲ್ಲವೂ ವಾಪಸ್ ರೈಲಿಗೆ ಹೋಗಲಿಲ್ಲ, ಅಷ್ಟರೊಳಗೆ ಬಸ್ಸು ಲಾರಿಗಳ ಸುತ್ತ ಬೇರೆ ಬದುಕು ಬೆಳೆದಿತ್ತು. 1995ರಲ್ಲಿ ಯಾರಾದರೂ ನಮ್ಮ ಊರಿನ ನಕ್ಷೆ ಬರೆದಿದ್ದರೆ 2008ಕ್ಕೆ ಅದು ಪೂರಾ ಸುಳ್ಳು.

ರಸ್ತೆಯೂ ಸುಮ್ಮನೆ ಇರಲಿಲ್ಲ. ಕಾಂಕ್ರೀಟು ಹಾಕಲೆಂದು 2015ರಲ್ಲಿ ತಿಂಗಳುಗಟ್ಟಲೆ, ಉಳಿದ ಭಾಗಕ್ಕೆ 2018ರ ಜನವರಿಯಿಂದ ಜುಲೈವರೆಗೆ ಮುಚ್ಚಿದರು. ಅದು ಹೇಳಿ ಮುಚ್ಚಿದ್ದು. ಪತ್ರಿಕೆಯ ‘ವಿದ್ಯುತ್ ವ್ಯತ್ಯಯ’ದಂತೆ ಜನ ಸಿದ್ಧರಾಗಿದ್ದರು, ಚಾರ್ಮಾಡಿಗೋ ಸಂಪಾಜೆಗೋ ತಿರುಗಿಕೊಂಡರು, ಬೈದರೂ ದಿನ ಸಾಗಿತು. ಜುಲೈ ನಡುವಿನಲ್ಲಿ ರಸ್ತೆ ತೆರೆಯಿತು. ಆಗಸ್ಟ್ ನಡುವಿನಲ್ಲಿ ಗುಡ್ಡ ಕುಸಿಯಿತು.

2018ರ ಆ ಆಗಸ್ಟನ್ನು ಮಲೆನಾಡಿನವರು ಮರೆಯುವುದಿಲ್ಲ. ಶಿರಾಡಿ ರಸ್ತೆ ಮುಚ್ಚಿತು. ರೈಲು ಹಳಿಯ ಮೇಲೆ ಹತ್ತಾರು ಕಡೆ ಮಣ್ಣು ಬಂಡೆ ಬಿದ್ದು ವಾರಗಟ್ಟಲೆ ಸಂಚಾರ ನಿಂತಿತು. ಬಿಸಿಲೆಯ ದಾರಿಯೂ ಕುಸಿಯಿತು. ಅತ್ತ ಕೊಡಗಿನಲ್ಲಿ ಜೋಡುಪಾಲದ ಹತ್ತಿರ ಬೆಟ್ಟವೇ ಇಳಿದು ಬಂದು ಮಡಿಕೇರಿ ಸಂಪಾಜೆ ರಸ್ತೆ ಕಡಿದುಹೋಯಿತು, ಜೀವಗಳೂ ಹೋದವು. ಚಾರ್ಮಾಡಿ ಒಂದು ಹೇಗೋ ಉಸಿರಾಡುತ್ತಿತ್ತು. ಮರುವರ್ಷ 2019ರ ಆಗಸ್ಟಿನಲ್ಲಿ ಅದರ ಸರದಿಯೂ ಬಂತು.

ಒಂದು ದಾರಿ ಹೋದರೆ ಇನ್ನೊಂದಿದೆ ಎಂದು ನಾವೆಲ್ಲ ಧೈರ್ಯವಾಗಿದ್ದೆವು. ನಕ್ಷೆಯಲ್ಲಿ ಶಿರಾಡಿ, ಸಂಪಾಜೆ, ಬಿಸಿಲೆ, ರೈಲು ಎಂದು ನಾಲ್ಕು ಬೇರೆ ಬೇರೆ ಗೆರೆ. ನಾಲ್ಕೂ ಒಂದೇ ಮಳೆಗೆ, ಒಂದೇ ಬಗೆಯ ಇಳಿಜಾರು ಕೆಮ್ಮಣ್ಣಿಗೆ ಕಟ್ಟಿದ್ದವು ಎಂಬ ಐದನೆಯ ಗೆರೆಯನ್ನು ಯಾರೂ ಎಳೆದಿರಲಿಲ್ಲ. ಈ ಮಾತು ಕೇಳಿ ನನ್ನ ಹುಡುಗಿ ಹೌಹಾರಿ, ‘ಮೇಡಂ, ನಮ್ಮಲ್ಲೂ ಇದೇ’ ಎಂದಳು. ಒಂದು ಸರ್ವರ್ ಕೆಟ್ಟರೆ ಇರಲಿ ಎಂದು ಎರಡು ಇಡುತ್ತಾರಂತೆ, ಆಮೇಲೆ ನೋಡಿದರೆ ಎರಡರ ವೈರೂ ಒಂದೇ ಪ್ಲಗ್ಗಿಗೆ ಹೋಗಿರುತ್ತದಂತೆ.

ಆ ಮಳೆಯ ರಜೆ ಮುಗಿದು ಶಾಲೆ ತೆರೆದಾಗ ಒಂಬತ್ತನೆಯ ತರಗತಿಯ ಮಕ್ಕಳನ್ನು ಒಂದು ಮಾತು ಕೇಳಿದ್ದೆ. ಘಟ್ಟ ನಿಂತದ್ದರಿಂದ ನಿಮ್ಮ ಮನೆಯಲ್ಲಿ ಏನು ನಿಂತಿತು? ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ಮೀನು ಎಂದು ಅರ್ಧ ತರಗತಿ ಕೂಗಿತು. ಗಲ್ಫಿನಿಂದ ಬಂದ ಚಿಕ್ಕಪ್ಪ ಮಂಗಳೂರಿನ ವಿಮಾನ ತಪ್ಪಿಸಿಕೊಂಡದ್ದು, ಪುತ್ತೂರಿನಲ್ಲಿ ಓದುವ ಅಕ್ಕ ಹಬ್ಬಕ್ಕೆ ಬಾರದ್ದು, ಸುಬ್ರಹ್ಮಣ್ಯದ ಹರಕೆ ಮುಂದೆ ಹೋದದ್ದು. ಪೆಟ್ರೋಲ್ ಎಂದ ಒಬ್ಬ. ಬಂಕಿನಲ್ಲಿ ಪೆಟ್ರೋಲ್ ಸಿಗುತ್ತಿತ್ತಲ್ಲೋ ಎಂದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್ ಡೀಸೆಲ್ ಸಾಗಿಸುವ ಕೊಳವೆ 2003ರಿಂದ ನೆಲದಡಿ ಇದೆ, ಅದನ್ನು ಹೇಳಿದಾಗ ತರಗತಿಗೆ ಆಶ್ಚರ್ಯ. ತಾವು ದಿನಾ ನೋಡುವ ಲಾರಿ ಗೆರೆಗಿಂತ ಕಾಣದ ಗೆರೆ ಗಟ್ಟಿಯಾಗಿತ್ತು. ಒಬ್ಬಳು ಎದ್ದು, ‘ನಮ್ಮ ಮನೇಲಿ ಏನೂ ನಿಲ್ಲಲಿಲ್ಲ ಮಿಸ್, ಜನ ಜಾಸ್ತಿ ಆದರು’ ಎಂದಳು. ಉಡುಪಿಯಿಂದ ಬಂದ ನೆಂಟರು ಹನ್ನೆರಡು ದಿನ ಉಳಿದರಂತೆ. ಅವಳ ತಾಯಿಯ ಮುಖ ನೆನೆದು ನಾನು ನಕ್ಕೆ.

ಮಾರನಹಳ್ಳಿ ಕಡೆಯ ಹುಡುಗ ಕೊನೆಗೆ ಹೇಳಿದ. ಅವನ ಅಮ್ಮ ರಸ್ತೆ ಬದಿಯಲ್ಲಿ ಚಹಾ ತಿಂಡಿಯ ಗೂಡಂಗಡಿ ಇಟ್ಟಿದ್ದಳು. ಲಾರಿ ನಿಂತ ದಿನವೇ ಒಲೆ ನಿಂತಿತು. ಚಾಲಕರಿಗೆ ಚಹಾ ಇನ್ನೆಲ್ಲಾದರೂ ಸಿಗುತ್ತದೆ, ಅಮ್ಮನಿಗೆ ಲಾರಿ ಇನ್ನೆಲ್ಲಿಯೂ ಸಿಗುವುದಿಲ್ಲ. ಜನವರಿಯಿಂದ ಜುಲೈವರೆಗೆ ಒಮ್ಮೆ ಮುಚ್ಚಿ, ಒಂದೇ ತಿಂಗಳು ತೆರೆದು, ಮತ್ತೆ ಮುಚ್ಚಿದ ಅಂಗಡಿ ಅದು. ಗೆರೆಯ ದಿಕ್ಕು, ಗೆರೆಯ ಭಾರ ಎಂದರೆ ಏನೆಂದು ನನಗೆ ಆ ಹುಡುಗನಷ್ಟು ಚೆನ್ನಾಗಿ ಆಮೇಲೆ ಯಾವ ಇಂಜಿನಿಯರೂ ಹೇಳಲಿಲ್ಲ. ಅವನ ಸಾಲಿನ ಪಕ್ಕದಲ್ಲೇ ಮತ್ತೊಬ್ಬಳು ಬರೆಸಿದ್ದು ‘ಅಜ್ಜನ ಡಯಾಲಿಸಿಸ್’. ವಾರಕ್ಕೆರಡು ಸಲ ಮಂಗಳೂರಿಗೆ ಹೋಗುತ್ತಿದ್ದವರನ್ನು ಹಾಸನಕ್ಕೆ ಬದಲಾಯಿಸಿಕೊಳ್ಳುವಷ್ಟರಲ್ಲಿ ಮನೆಯವರು ಹೈರಾಣಾಗಿದ್ದರು. ಮೀನನ್ನೂ ಡಯಾಲಿಸಿಸನ್ನೂ ಒಂದೇ ಬಳಪದಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಬರೆದಿದ್ದೆ. ಅದಕ್ಕೇ ಸಾಫ್ಟ್‌ವೇರಿನಲ್ಲಿ ಪ್ರತಿ ಗೆರೆಗೂ ತೂಕ ಕೇಳುತ್ತಾರೆ.

ಇನ್ನೊಂದು ಗೆರೆಯ ಕತೆ ನಮ್ಮ ರಾಜ್ಯದ್ದೇ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಯಿತು. ಎರಡನೆಯ ದಿನ ಪೂರ್ವ, ಈಶಾನ್ಯವೂ ಸೇರಿ ಅರವತ್ತು ಕೋಟಿ ಜನರಿರುವ ಸೀಮೆ. ದಕ್ಷಿಣದ ನಮ್ಮ ಮನೆಗಳ ದೀಪ ಮಾತ್ರ ಉರಿಯುತ್ತಿತ್ತು. ನಮ್ಮ ಜಾಣತನವೇನೂ ಅಲ್ಲ, ಅಂದು ದಕ್ಷಿಣದ ಜಾಲ ಉತ್ತರದ ಜಾಲದೊಡನೆ ಒಂದೇ ತಾಳದಲ್ಲಿ ಬೆಸೆದಿರಲಿಲ್ಲ. ಮುಂದೆ 2013ರ ಡಿಸೆಂಬರ್ 31ರಂದು ರಾಯಚೂರು ಸೊಲ್ಲಾಪುರ ತಂತಿಮಾರ್ಗದಿಂದ ಬೆಸೆದರು. ಈಗ ನಮಗೆ ಕೊರತೆಯಾದರೆ ಅಲ್ಲಿಂದ ಬರುತ್ತದೆ. ಬೀಗತನದ ಹಾಗೆ, ಸಕ್ಕರೆಯೂ ಅದೇ ಬಾಗಿಲಿನಿಂದ, ಸಂಕಟವೂ ಅದೇ ಬಾಗಿಲಿನಿಂದ.

2024ರ ಜುಲೈ ತಿಂಗಳಲ್ಲಿ ಎರಡೂ ಲೋಕಗಳ ಪಾಠ ಒಟ್ಟಿಗೆ ಆಯಿತು. ಜುಲೈ 19, ಶುಕ್ರವಾರ. ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಂಪ್ಯೂಟರುಗಳನ್ನು ಕಾಯುವ ತನ್ನ ಸಾಫ್ಟ್‌ವೇರಿಗೆ ಒಂದು ಚಿಕ್ಕ ಹೊಸ ಕಡತ ಕಳಿಸಿತು. ಅದರಲ್ಲಿ ದೋಷವಿತ್ತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಪ್ರಪಂಚದ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನಗಳು, ಬ್ಯಾಂಕುಗಳು, ಆಸ್ಪತ್ರೆಗಳು ತಡಬಡಾಯಿಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಿಂದ ಬೋರ್ಡಿಂಗ್ ಪಾಸು ಬರೆದು ಕೊಟ್ಟರು. ಎಷ್ಟೋ ಯಂತ್ರಗಳನ್ನು ಒಂದೊಂದಾಗಿ ಕೈಯಿಂದಲೇ ಸರಿಪಡಿಸಬೇಕಾಯಿತು. ಕಾವಲುಗಾರನೇ ಮನೆಯ ಬಾಗಿಲು ಮುಚ್ಚಿ ಬೀಗದ ಕೈ ಕಳೆದುಕೊಂಡ ಹಾಗೆ. ಕಾವಲಿನ ಸಾಫ್ಟ್‌ವೇರಿನಿಂದ ಯಂತ್ರದ ಕಡೆಗೂ ಒಂದು ಕಷ್ಟದ ಗೆರೆ ಬರುತ್ತದೆ ಎಂದು ಎಷ್ಟು ಸಂಸ್ಥೆಗಳ ನಕ್ಷೆಯಲ್ಲಿ ಬರೆದಿತ್ತೋ.

ಸರಿಯಾಗಿ ಒಂದು ವಾರಕ್ಕೆ, ಜುಲೈ 26ರ ಶುಕ್ರವಾರ, ಎಡಕುಮರಿ ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿತು. ರೈಲು ನಿಂತಿತು. ಅದೇ ಮಳೆಯಲ್ಲಿ ಹೆದ್ದಾರಿಯ ಮೇಲೆ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ವಾಹನಗಳು ಸಾಲುಗಟ್ಟಿದವು. ನೂರಾರು ಜನ ಹಗಲೂ ರಾತ್ರಿ ಮಳೆಯಲ್ಲಿ ಮರಳು ಮೂಟೆ, ಬಂಡೆ, ತಂತಿಬಲೆ ಹಾಕಿ ಹಳಿಗೆ ನೆಲ ಕೊಟ್ಟರು. ಆಗಸ್ಟಿನ ಮೊದಲ ವಾರ ದಾಟಿ ಪ್ರಯಾಣಿಕರ ರೈಲು ಹೊರಟಿತು ಎನ್ನುವಾಗ ಆಗಸ್ಟ್ 10ರಂದು ಇತ್ತ ಬಾಳ್ಳುಪೇಟೆ ಹತ್ತಿರ ಆಚಂಗಿಯಲ್ಲಿ ಮತ್ತೆ ಮಣ್ಣು ಬಿತ್ತು. ಕಡಿದಾದ ಘಟ್ಟವಲ್ಲ ಅದು, ಆಲೂರು ಸಕಲೇಶಪುರ ನಡುವಿನ ನಮ್ಮ ಗುಡ್ಡ. ಎಲ್ಲರ ಕಣ್ಣೂ ಸುರಂಗಗಳ ಕಡೆಗಿದ್ದಾಗ ಹಿತ್ತಲಿನಿಂದ ಬಂತು.

ನಕ್ಷೆ ಬರೆದರಷ್ಟೇ ಸಾಲದು, ಬದಲಾದಾಗ ತಿದ್ದಬೇಕು. ಇದು ಬರೀ ಅಚ್ಚುಕಟ್ಟಿನ ಮಾತೆಂದು ಯಾರಿಗಾದರೂ ಅನ್ನಿಸಿದರೆ 2023ರ ಜೂನ್ 2ನ್ನು ನೆನೆಯಬೇಕು. ಒಡಿಶಾದ ಬಾಲೇಶ್ವರದ ಬಳಿ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ನೇರ ಹಳಿಯ ಸಿಗ್ನಲ್ ಪಡೆದು ಪಕ್ಕದ ಹಳಿಗೆ ನುಗ್ಗಿ ನಿಂತಿದ್ದ ಗೂಡ್ಸ್ ರೈಲಿಗೆ ಬಡಿಯಿತು. ಉರುಳಿದ ಬೋಗಿಗಳು ಬೆಂಗಳೂರಿನಿಂದ ಹೋಗುತ್ತಿದ್ದ ಹೌರಾ ರೈಲಿಗೂ ತಗುಲಿದವು. 290ಕ್ಕೂ ಹೆಚ್ಚು ಜನ ಸತ್ತರು. ಸ್ಯಾಕ್ಸ್‌ಬಿಯ ಕಾಲದಿಂದ ಇಂಥದ್ದು ಆಗಬಾರದೆಂದೇ ಕಟ್ಟಿದ ವ್ಯವಸ್ಥೆ ಅದು. ಪೆಟ್ಟಿಗೆಯೊಳಗಿನ ತಂತಿಗಳಿಗೆ ಬರೆದ ಹೆಸರು ತಪ್ಪಾಗಿತ್ತು, ವರ್ಷಗಳ ಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಅದನ್ನು ನಂಬಿ ಗೇಟಿನ ದುರಸ್ತಿ ಮಾಡುವಾಗ ತಂತಿ ತಪ್ಪಾಗಿ ಜೋಡಣೆಯಾಯಿತು ಎಂಬುದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಿಂದ ಹೊರಬಿದ್ದ ಸಂಗತಿ. ಹೆಸರಿನ ಚೀಟಿ ಅಷ್ಟೇ. ಡಬ್ಬಿಯ ಮೇಲೆ ‘ಉಪ್ಪು’ ಎಂದು ಬರೆದು ಸಕ್ಕರೆ ತುಂಬಿಟ್ಟರೆ ಆ ಮನೆಯವರಿಗೆ ತೊಂದರೆಯಿಲ್ಲ, ಹೊಸದಾಗಿ ಬಂದವಳು ಅಡುಗೆಗೆ ನಿಂತ ದಿನ ಗೊತ್ತಾಗುತ್ತದೆ.

ಹಳಿಯ ಉದ್ದಕ್ಕೂ ದಿನಾ ನಡೆಯುವ ಗ್ಯಾಂಗಿನವರಿಗೆ ಯಾವ ಬಂಡೆ ಯಾವ ಮಳೆಗೆ ಅಲುಗುತ್ತದೆಂದು ಗೊತ್ತು. ಗೂಡಂಗಡಿಯ ತಾಯಿಗೆ ಯಾವ ತಿರುವಿನಲ್ಲಿ ನೀರಿನ ಬಣ್ಣ ಕೆಂಪಾದರೆ ಒಲೆ ಆರಿಸಿ ಹೊರಡಬೇಕೆಂದು ಗೊತ್ತು. ಇವರನ್ನು ಕೇಳಿ ಗೆರೆ ಎಳೆಯುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ. ನನ್ನ ಹುಡುಗಿಯ ಕಚೇರಿಯಲ್ಲೂ ಇದೇ ಗೋಳಂತೆ. ರಾತ್ರಿ ಪಾಳಿಯ ಹುಡುಗರಿಗೆ ಗೊತ್ತಿರುವುದು ನಕ್ಷೆಯಲ್ಲಿಲ್ಲ, ನಕ್ಷೆಯಲ್ಲಿರುವುದು ಬಿಟ್ಟುಹೋದ ಯಾರೋ ಬರೆದದ್ದು.

ನಮ್ಮ ಕಡೆ ಇಂಥ ನಕ್ಷೆಯೊಂದು ಜೀವಂತವಾಗಿರುವುದನ್ನು ನೋಡಬೇಕಾದರೆ ಆನೆಯ ಸಂದೇಶ ನೋಡಬೇಕು. ಸಕಲೇಶಪುರ ಆಲೂರುಗಳಲ್ಲಿ ಆನೆ ಎಲ್ಲಿ ನಿಂತರೆ ಯಾರ ದಿನ ನಿಲ್ಲುತ್ತದೆ ಎಂಬುದು ದಿನನಿತ್ಯದ ವಿಷಯ. ಉಚ್ಚ ನ್ಯಾಯಾಲಯದ ಆದೇಶದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಇಲ್ಲಿಂದ ಹಿಡಿದು ಸಾಗಿಸಿದ್ದೂ ಆಯಿತು, ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದದ್ದೂ ಆಯಿತು. ಈಗ ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿಯಿದೆ. ಅರಣ್ಯ ಇಲಾಖೆಯವರು ಹಿಂಡು ಇರುವ ಜಾಗ ನೋಡಿ ಸುತ್ತಲಿನವರ ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ರಸ್ತೆ ಬದಿಯ ಫಲಕದಲ್ಲಿ ಕೆಂಪಕ್ಷರ ಓಡುತ್ತದೆ. ಹಿಂಡು ಇಲ್ಲಿದ್ದರೆ ಈ ತೋಟಗಳಿಗೆ, ಅಲ್ಲಿಗೆ ದಾಟಿದರೆ ಆ ಹಳ್ಳಿಗೆ. ಯಾರಿಗೆ ಹೇಳಬೇಕೆಂಬ ಆ ಪಟ್ಟಿಯೇ ನಾನು ಇಷ್ಟು ಹೊತ್ತು ಹೇಳಿದ ಗೆರೆಗಳ ಪಟ್ಟಿ. ಶಾಲೆಗೆ ನಡೆದು ಬರುವ ಮಕ್ಕಳ ಮನೆಗಳಿಗೂ ಅದು ಬರುತ್ತದೆ, ಅಂಥ ಬೆಳಗ್ಗೆ ಹಾಜರಿ ಪುಸ್ತಕದಲ್ಲಿ ಒಂದು ಊರಿನ ಮಕ್ಕಳ ಸಾಲೇ ಖಾಲಿ.

ಕಾಫಿ ಕುಯ್ಲಿನ ಕಾಲದಲ್ಲಿ ಬೆಳಗಿನ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವವರು ಹೆಂಗಸರು. ಸಂದೇಶ ಬರುವುದು ತೋಟದ ರೈಟರ ಫೋನಿಗೆ, ಅಥವಾ ಮನೆಯಲ್ಲಿ ಗಂಡನ ಜೇಬಿನಲ್ಲಿರುವ ಫೋನಿಗೆ. ನಮ್ಮ ಶಾಲೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳ ತಾಯಿ ಅಂಥ ಒಂದು ಬೆಳಗ್ಗೆ ಆನೆಗಿಂತ ಮೂವತ್ತು ಮಾರು ಈಚೆ ನಿಂತು ವಾಪಸ್ ಓಡಿಬಂದಿದ್ದಳು. ಸಂದೇಶ ಗಂಡನ ಫೋನಿಗೆ ಹಿಂದಿನ ರಾತ್ರಿಯೇ ಬಂದಿತ್ತು. ಆಮೇಲೆ ಮಗಳು ರಾತ್ರಿ ಮಲಗುವ ಮೊದಲು ಅಪ್ಪನ ಫೋನು ನೋಡಿ, ಲೈನುಮನೆಗಳ ಗೇಟಿಗೆ ನೇತುಹಾಕಿದ ಒಂದು ಮುರುಕು ಸ್ಲೇಟಿನ ಮೇಲೆ ಊರಿನ ಹೆಸರು ಬರೆದಿಡಲು ಶುರು ಮಾಡಿದಳು. ಓದು ಬಾರದವರಿಗೆಂದು ಪಕ್ಕದಲ್ಲಿ ಆನೆಯ ಚಿತ್ರ, ಅದರ ಸೊಂಡಿಲು ಯಾವ ಕಡೆಗಿದೆಯೋ ಆ ಕಡೆ ಹೋಗಬಾರದು. ಅವಳು ಕಾಲೇಜಿಗೆ ಹಾಸನಕ್ಕೆ ಹೋದ ಮೇಲೆ ಈಗ ಅವಳ ತಮ್ಮ ಬರೆಯುತ್ತಾನೆ. ಅವನ ಆನೆ ಹಂದಿಯಂತೆ ಕಾಣುತ್ತದೆ ಎಂದು ಹೆಂಗಸರು ನಗುತ್ತಾರಂತೆ. ಸೊಂಡಿಲು ಮಾತ್ರ ಸರಿಯಾದ ದಿಕ್ಕಿಗಿರುತ್ತದೆ.